ಹೆಚ್ಚಾಗೇದ

ಒಂಬತ್ತನೆಯ ಇಯತ್ತೆಯ ಇಂಗ್ಲಿಷ್ ತಾಸು. ಮಧ್ಯಾಹ್ನದ ಊಟವಾದ ಮೇಲಿನ ತಾಸು ಬೇರೆ. ಮಕ್ಕಳ ಕಣ್ಣಿನಲ್ಲಿ ನಿದ್ದೆ, ನನ್ನ ಕಣ್ಣಿನಲ್ಲೂ ಸ್ವಲ್ಪ. ಒಬ್ಬ ಹುಡುಗಿಯನ್ನು ಎಬ್ಬಿಸಿ ಪಾಠ ಓದಲು ಹೇಳಿದೆ. ಓದುತ್ತಾ ಓದುತ್ತಾ ಒಂದು ಶಬ್ದಕ್ಕೆ ಬಂದು ನಿಂತಳು. ಇ, ಕೆ, ಇ ಎಂದು ಮೂರೇ ಅಕ್ಷರದ ಶಬ್ದ. ತುಸು ಹೊತ್ತು ನೋಡಿ, ಧೈರ್ಯ ಮಾಡಿ, ‘ಏಕೆ’ ಎಂದು ಓದಿದಳು. ಇಡೀ ವರ್ಗ ನಕ್ಕಿತು. ನಾನೂ ನಕ್ಕೆ. ನಮ್ಮ ಕಡೆ ಮಾತಿನಲ್ಲಿ ಯಾರೂ ‘ಏಕೆ’ ಎನ್ನುವುದಿಲ್ಲ, ‘ಯಾಕ’ ಎನ್ನುತ್ತೇವೆ. ಅದಕ್ಕೇ ಪುಸ್ತಕದ ಆ ‘ಏಕೆ’ ಅಷ್ಟು ನಗು ತಂದಿತು.

‘ಅದು ಈಕ್ ಅವ್ವಾ, ಈಕ್ ಔಟ್ ಅ ಲಿವಿಂಗ್’ ಎಂದು ತಿದ್ದಿದೆ. ಬೋರ್ಡಿನ ಮೇಲೆ ಅರ್ಥ ಬರೆದೆ: ಹೇಗೋ ಹೊಟ್ಟೆ ಹೊರೆಯುವುದು, ಇದ್ದಷ್ಟರಲ್ಲೇ ಕಾಲ ಕಳೆಯುವುದು. ಮೂವತ್ತು ವರ್ಷಗಳಿಂದ ಇದೇ ಅರ್ಥ ಬರೆಯುತ್ತಾ ಬಂದವಳು ನಾನು. ಮಕ್ಕಳು ಬರೆದುಕೊಂಡರು, ಗಂಟೆ ಹೊಡೆಯಿತು.

ಆದರೆ ಆ ‘ಏಕೆ’ ಎಂಬುದು ನನ್ನ ಬೆನ್ನ ಹಿಂದೆಯೇ ಮನೆಗೆ ಬಂದಿತು. ರಾತ್ರಿ ಭಾಂಡಿ ತೊಳೆದಿಟ್ಟು, ಬಿ.ಎಡ್. ಓದುವಾಗ ಕೊಂಡಿದ್ದ ದಪ್ಪ ಡಿಕ್ಷನರಿಯನ್ನು ತೆಗೆದೆ. ಅದರ ಬೆನ್ನು ಕಿತ್ತು ಹೋಗಿ ಎಷ್ಟೋ ವರ್ಷವಾಯಿತು, ಗೋಂದು ಹಚ್ಚಿ ಹಚ್ಚಿ ಉಳಿಸಿಕೊಂಡಿದ್ದೇನೆ. ಅಲ್ಲಿ ನೋಡಿದರೆ ಈ ಶಬ್ದದ ಮೂಲದ ಅರ್ಥವೇ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬೆಳೆಸು, ದೊಡ್ಡದು ಮಾಡು, ಹೆಚ್ಚಿಸು! ಹೆಚ್ಚಿಸು ಎಂಬ ಶಬ್ದವೇ ಕಾಲಾಂತರದಲ್ಲಿ ಬಡತನದ ಮನೆಗೆ ಬಂದು ಸೇರಿಕೊಂಡಿದೆ.

ಅದರ ಬಂಧುಬಳಗ ನೋಡಿದರೆ ಸಣ್ಣದಲ್ಲ. ಲ್ಯಾಟಿನ್ ಭಾಷೆಯ ‘ಔಗೇರೆ’ ಎಂಬ ಕ್ರಿಯಾಪದ ಅದರ ದಾಯಾದಿ. ಅದಕ್ಕೂ ಹೆಚ್ಚಿಸು ಎಂದೇ ಅರ್ಥ. ಅದರಿಂದಲೇ ಲಿಲಾವಿಗೆ ಹೇಳುವ ‘ಆಕ್ಷನ್’ ಬಂದಿದೆ. ಬೆಲೆ ಏರಿಸುತ್ತ ಹೋಗುವುದಲ್ಲವೇ ಅದು. ಗ್ರಂಥಕರ್ತನಿಗೆ ಹೇಳುವ ‘ಆಥರ್’ ಕೂಡ ಅಲ್ಲಿಂದಲೇ ಬಂದದ್ದು, ಬೆಳೆಸುವವನು ಎಂದು. ನಮ್ಮ ಸಂಸ್ಕೃತದ ‘ಓಜಸ್ಸು’ ಸಹ ಅದೇ ಬೇರಿನದು ಎಂದು ಭಾಷಾಶಾಸ್ತ್ರದವರು ಹೇಳುತ್ತಾರೆ. ಅಡ್ಡಹೆಸರಿಗೆ ಹೇಳುವ ‘ನಿಕ್‌ನೇಮ್’ ಎಂಬ ಶಬ್ದದಲ್ಲಿ ಮೊದಲು ಇದ್ದದ್ದು ಇದೇ ‘ಈಕ್’. ಇಟ್ಟ ಹೆಸರಿನ ಮೇಲೆ ಹೆಚ್ಚಿನದಾಗಿ ಬಂದ ಹೆಸರು ಎಂದು ಅದರ ಅರ್ಥ. ಹಿಂದಿನ ಶಬ್ದದ ‘ನ್’ ಬಂದು ಇದಕ್ಕೆ ಅಂಟಿಕೊಂಡಿತಂತೆ. ಜೇನು ಸಾಕುವವರು ಗೂಡು ಸಾಲದೆ ಬಂದಾಗ ಅದರ ಕೆಳಗೆ ಜೋಡಿಸುತ್ತಿದ್ದ ತುಂಡಿಗೂ ಇದೇ ಹೆಸರು ಇತ್ತು. ಅಣ್ಣತಮ್ಮಂದಿರೆಲ್ಲ ಲಿಲಾವು, ಗ್ರಂಥ, ಓಜಸ್ಸು ಎಂದು ದೊಡ್ಡ ದೊಡ್ಡ ಮನೆ ಸೇರಿದರು. ಇದೊಂದು ಮಾತ್ರ ಅಡುಗೆಮನೆಯಲ್ಲಿ ಉಳಿಯಿತು. ನನಗೆ ಅದರ ಮೇಲೆ ಅಕ್ಕರೆ ಬಂದದ್ದು ಅದಕ್ಕೇ.

ಅಕ್ಕರೆಗೆ ಇನ್ನೊಂದು ಕಾರಣವೂ ಉಂಟು. ಹೆಚ್ಚು ಎಂಬ ಶಬ್ದ ಕಡಿಮೆ ಎಂಬ ಅರ್ಥಕ್ಕೆ ಇಳಿಯುವುದನ್ನು ನಾನು ಮೊದಲು ಕಂಡದ್ದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಮನೆಯಲ್ಲಿ.

ನಾನು ಹುಟ್ಟಿ ಬೆಳೆದದ್ದು ಮಮದಾಪುರದಲ್ಲಿ. ಈಗ ಬಬಲೇಶ್ವರ ತಾಲೂಕು ಎನ್ನುತ್ತಾರೆ. 2018ರವರೆಗೆ ನಾವು ವಿಜಾಪುರ ತಾಲೂಕಿನವರೇ ಆಗಿದ್ದೆವು. ನನಗೆ ಏಳೆಂಟು ವರ್ಷವಿರಬೇಕು. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೈಹಾಕಿ, ತಳ ಕೆರೆದ ಸಪ್ಪಳ ಕೇಳಿಸಿದ ಕೂಡಲೆ ಅವ್ವ ನನ್ನನ್ನು ಕರೆದು, ‘ಹಿಟ್ಟು ಹೆಚ್ಚಾಗೇದ, ಮಗ್ಗಲಮನಿ ದೊಡ್ಡವ್ವನ ಕಡೆ ಒಂದು ಸೇರು ಇಸಗೊಂಡ ಬಾ’ ಎನ್ನುತ್ತಿದ್ದಳು. ನಾನು ಡಬ್ಬಿ ತೆಗೆದು ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಹೆಚ್ಚಾಗಿದ್ದರೆ ಕಡ ಏಕೆ ತರಬೇಕು ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಒಮ್ಮೆ ದೊಡ್ಡವ್ವನ ಮನೆಯಲ್ಲಿ ನಿಂತು, ‘ನಮ್ಮನ್ಯಾಗ ಹಿಟ್ಟು ಭಾಳ ಹೆಚ್ಚಾಗೇದಂತ’ ಎಂದು ದೊಡ್ಡ ದನಿಯಲ್ಲಿ ಹೇಳಿಬಿಟ್ಟೆ. ದೊಡ್ಡವ್ವ ನಗಲಿಲ್ಲ. ಸೇರು ತುಂಬಿ ಹಾಕಿ, ಮೇಲೆ ಒಂದು ಬೊಗಸೆ ಹಾಕಿದಳು.

ಈ ಪದ್ಧತಿ ನಿಮ್ಮ ಮನೆಗಳಲ್ಲಿಯೂ ಇದ್ದೇ ಇರುತ್ತದೆ. ಅಕ್ಕಿ, ಅರಿಷಿಣ, ಕುಂಕುಮ ತೀರಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಮನೆಯಿಂದ ಹೊರಟವರು ಹೋಗುತ್ತೇನೆ ಎನ್ನಬಾರದು. ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ಮೈಸೂರು ಕಡೆಯ ನನ್ನ ಒಬ್ಬ ಗೆಳತಿ ರಾತ್ರಿ ದೀಪ ಆರಿಸು ಎನ್ನುತ್ತಿರಲಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದಳು. ಮೊದಲ ಸಲ ಅದನ್ನು ಕೇಳಿ ನಾನು ಕಂದೀಲಿನ ಬತ್ತಿ ಏರಿಸಿದ್ದೆ. ಉರ್ದು, ಹಿಂದಿ ಮಾತಾಡುವವರಲ್ಲಿ ಅಂಗಡಿ ಮುಚ್ಚುವುದಕ್ಕೆ ‘ದುಕಾನ್ ಬಢಾನಾ’ ಎನ್ನುವ ರೂಢಿ ಇದೆ, ಅಂಗಡಿ ಬೆಳೆಸುವುದು ಎಂದು. ಮರಾಠಿಯವರು ದೇವರ ಮುಂದೆ ತೆಂಗಿನಕಾಯಿ ಒಡೆಯುವುದಿಲ್ಲ, ಬೆಳೆಸುತ್ತಾರೆ. ಅವರಲ್ಲಿ ಇನ್ನೊಂದು ಚೆಂದದ ಮಾತಿದೆ. ತಾಟಿಗೆ ಬಡಿಸುವುದಕ್ಕೂ ‘ವಾಢಣೆ’, ಬೆಳೆಯುವುದಕ್ಕೂ ‘ವಾಢಣೆ’. ಮಹಾರಾಷ್ಟ್ರದ ಗಡಿಗೆ ಹತ್ತಿರದವರಾದ ನಮಗೆ ಈ ಶಬ್ದ ಕಿವಿಗೆ ಬಿದ್ದದ್ದೇ. ಅದರ ಅರ್ಥದ ಕಡೆಗೆ ಮಾತ್ರ ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಕಣದಲ್ಲಿ ರಾಶಿ ಅಳೆಯುವಾಗಲೂ ಹಾಗೆಯೇ. ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು. ನಮ್ಮಪ್ಪ ಹಾಗೆಯೇ ಎಣಿಸುತ್ತಿದ್ದ. ಲಾಭದಿಂದ ಸುರುವಾದ ಎಣಿಕೆ ಬಹಳ ದೂರ ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಸಾಹುಕಾರನ ಪಾಲು, ಆಯಗಾರರ ಪಾಲು ಹೋಗಿ ಉಳಿದದ್ದು ಹಗೇವಿನ ತಳಕ್ಕೆ ಸಾಲುತ್ತಿರಲಿಲ್ಲ. ‘ಬಡ್ಡಿ’ ಎಂಬ ಶಬ್ದ ಸಂಸ್ಕೃತದ ‘ವೃದ್ಧಿ’ಯಿಂದ ಬಂದದ್ದು ಎಂದು ಕಾಲೇಜಿನಲ್ಲಿ ನಮ್ಮ ಕನ್ನಡದ ಗುರುಗಳು ಹೇಳಿದಾಗ ನನಗೆ ಮನಸ್ಸಿನಲ್ಲೇ ನಗು ಬಂದಿತ್ತು. ನಮ್ಮ ಮನೆಯಲ್ಲಿ ಹೇಳಿದ ಮಾತಿಗೆ ತಕ್ಕಂತೆ ನಿಜವಾಗಿ ಹೆಚ್ಚುತ್ತಾ ಹೋದದ್ದು ಅದೊಂದೇ.

ಹೀಗೆ ಇಲ್ಲದ್ದನ್ನು ಹೆಚ್ಚಾಯಿತು ಎನ್ನುವುದು ಸುಳ್ಳಲ್ಲವೇ? ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ದಿನಾಲು ಪ್ರಾರ್ಥನೆಯ ಹೊತ್ತಿಗೆ ಹೇಳುವ ನಾನು ಇದನ್ನು ಕೇಳಿಕೊಳ್ಳಲೇಬೇಕು. ನಮ್ಮ ಶಾಲೆಯ ಒಬ್ಬ ಸಹಶಿಕ್ಷಕಿಯ ಮುಂದೆ ಈ ಮಾತು ತೆಗೆದೆ. ‘ಏನ್ರೀ ಅಕ್ಕಾರ, ಬಾಯಾಗ ಒಳ್ಳೆ ಮಾತು ಬಂದ್ರ ಕಳಕೊಳ್ಳೂದೇನೈತಿ? ತಥಾಸ್ತು ದೇವತೆಗಳು ಅಡ್ಡಾಡ್ತಿರ್ತಾವಂತ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತಾಗ ಒಬ್ಬಳು ‘ಹೆಚ್ಚಾಗೇದ’ ಎಂದರೆ ಇನ್ನೊಬ್ಬಳಿಗೆ ಡಬ್ಬಿಯ ತಳ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಯಾರಿಗೂ ಮೋಸವಾಗಿಲ್ಲ. ದೊಡ್ಡವ್ವನಿಗೆ ತಿಳಿದಿತ್ತು, ಅದಕ್ಕೇ ಮೇಲೊಂದು ಬೊಗಸೆ ಹಾಕಿದಳು. ಮಾನ ಉಳಿಯುವಂತೆ ಬೇಡುವುದಕ್ಕೂ, ಮಾನ ಉಳಿಯುವಂತೆ ಕೊಡುವುದಕ್ಕೂ ಆ ಶಬ್ದ ಬೇಕಾಗಿತ್ತು.

ಆದರೆ ಕೇಳಿದವರಿಗೆ ತಿಳಿಯದೆ ಹೋದರೆ? ನನಗೆ ತಿಳಿದಿರಲಿಲ್ಲ. ನಾನು ನಂಬಿದ್ದೆ.

1972ರ ಬರಗಾಲ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಆಗ ನಾನು ಇನ್ನೂ ಸಣ್ಣವಳು, ಮೂರೋ ನಾಲ್ಕೋ ವರ್ಷ. ಅಪ್ಪ, ಅವ್ವ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದದ್ದು, ಕೂಪನ್ನಿನ ಕೆಂಪು ಜೋಳ ತಂದು ರೊಟ್ಟಿ ಬಡಿಯಲು ಹೋದರೆ ಅದು ಹರಿದು ಹರಿದು ಹೋದದ್ದು, ಇವೆಲ್ಲ ಕೇಳಿ ತಿಳಿದ ಸಂಗತಿಗಳು. ಬರಗಾಲ ಮುಗಿದ ಮೇಲೂ ಅವ್ವನ ಕೈ ಮಾತ್ರ ಬರಗಾಲದಲ್ಲಿಯೇ ಉಳಿಯಿತು. ಬ್ಯಾಳಿಗೆ ನೀರು ಹಾಕಿ ಹಾಕಿ ಎಲ್ಲರಿಗೂ ಮುಟ್ಟಿಸುತ್ತಿದ್ದಳು. ಮಜ್ಜಿಗೆ ನಾಲ್ಕನೆಯವರ ಹೊತ್ತಿಗೆ ಬಿಳಿಯ ನೀರಾಗಿರುತ್ತಿತ್ತು. ಹಿಟ್ಟು ಕಮ್ಮಿಯಾದ ದಿನ ನುಚ್ಚು ಕುದಿಸಿ ಅಂಬಲಿ ಕಾಸುತ್ತಿದ್ದಳು. ಅಂಬಲಿಗೆ ನೀರೇ ಬಲ. ಊರ ಹೆಣ್ಣುಮಕ್ಕಳು, ‘ಭಾಳ ಶಾಣ್ಯಾಕಿ, ಇದ್ದದ್ರಾಗ ಸಂಸಾರ ತೂಗಸ್ತಾಳ’ ಎಂದು ಹೊಗಳುತ್ತಿದ್ದರು. ಅವ್ವನಿಗೆ ಅದರಿಂದ ಸಂತೋಷವಾಗುತ್ತಿತ್ತು. ನನಗೂ ಅಭಿಮಾನ. ನಮ್ಮವ್ವ ನಾಲ್ಕು ರೊಟ್ಟಿಯನ್ನು ಆರು ಮಂದಿಗೆ ಹೆಚ್ಚಿಸಬಲ್ಲಳು ಎಂದು ಗೆಳತಿಯರ ಮುಂದೆ ಹೇಳಿಕೊಂಡದ್ದುಂಟು.

ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ಚಿಮಣಿ ಉರಿಯುತ್ತಿತ್ತು. ಅವ್ವ ಒಲೆಯ ಹತ್ತಿರ ಕೂತು, ರೊಟ್ಟಿಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಸಂದಿಯಲ್ಲಿ ಸಿಕ್ಕ ಚೂರುಗಳನ್ನು ಒಂದೊಂದಾಗಿ ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಗ್ಗಲಲ್ಲಿ ಒಂದು ತಂಬಿಗೆ ನೀರು. ನನ್ನನ್ನು ನೋಡಿ ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ, ‘ಇರಬಿ ಹತ್ಯಾವ, ಝಾಡಸಾಕತ್ತೇನಿ’ ಎಂದಳು.

ಇರುವೆ ಹತ್ತಲು ಅದರಲ್ಲಿ ಏನಾದರೂ ಇರಬೇಕಲ್ಲ. ನಾನು ನೀರು ಕುಡಿದು ಹೋಗಿ ಮಲಗಿದೆ. ಅದು ಏನು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಆ ರಾತ್ರಿ ತಿಳಿದರೂ ನಾನು ಏನು ಮಾಡುತ್ತಿದ್ದೆನೋ!

ಡಿಕ್ಷನರಿಯ ಕಡೆ ಮತ್ತೆ ಬರುತ್ತೇನೆ. ಈ ‘ಈಕ್ ಔಟ್’ ಎಂಬುದಕ್ಕೆ ಹಿಂದೆ ಒಂದು ಶಿಸ್ತು ಇತ್ತು. ಇಂಥದ್ದನ್ನು ಇಂಥದ್ದರಿಂದ ಹೆಚ್ಚಿಸಿದ ಎಂದು ಹೇಳುತ್ತಿದ್ದರು. ಸಾಲದ ಪಗಾರವನ್ನು ಶಿಕವಣಿ ಹೇಳಿ ಹೆಚ್ಚಿಸಿದ. ಸಾಲದ ಹಾಲನ್ನು ನೀರಿನಿಂದ ಹೆಚ್ಚಿಸಿದಳು. ‘ವಿದ್’ ಎಂಬ ಸಣ್ಣ ಶಬ್ದ ಬಂದು, ಮುಂದೆ ಬೆರೆಸಿದ ವಸ್ತು ಯಾವುದು ಎಂದು ಹೇಳಿಯೇ ಮುಗಿಯುತ್ತಿತ್ತು. ಶೇಕ್ಸ್‌ಪಿಯರ್ ತನ್ನ ಐದನೆಯ ಹೆನ್ರಿಯ ನಾಟಕದಲ್ಲಿ ಇದನ್ನು ಬಳಸಿದ್ದೂ ಹಾಗೆಯೇ. ಅಲ್ಲಿ ರಂಗದ ಕೊರತೆಗೆ ಬೆರೆಸಬೇಕಾದದ್ದು ನೋಡುವವರ ಮನಸ್ಸು. ಮುಂದೆ ‘ಈಕ್ ಔಟ್ ಅ ಲಿವಿಂಗ್’ ರೂಢಿಗೆ ಬಂತು; ‘ವಿದ್’ ಇಲ್ಲದೆಯೂ ವಾಕ್ಯ ಪೂರ್ತಿಯಾಗತೊಡಗಿತು. ಹಳೆಯ ಕಟ್ಟಿನ ವೈಯಾಕರಣಿಗಳು ಇದು ತಪ್ಪು ಎಂದರು, ಯಾರೂ ಕೇಳಲಿಲ್ಲ. ಭಾಷೆ ಹಾಗೆ ಬದಲಾಗುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಒಂದು ಶಬ್ದ ಬಿದ್ದುಹೋದದ್ದರಿಂದ ಒಂದು ಪ್ರಶ್ನೆಯೂ ಬಿದ್ದುಹೋಯಿತು. ಯಾವುದನ್ನು ಬೆರೆಸಿ ಹೆಚ್ಚಿಸಿದಿರಿ? ಅದನ್ನು ಎಲ್ಲಿಂದ ತಂದಿರಿ?

ನಮ್ಮ ಕನ್ನಡದ ‘ತೂಗಿಸು’, ‘ಸರಿದೂಗಿಸು’ ಎಂಬವು ಇನ್ನೂ ಪ್ರಾಮಾಣಿಕ ಶಬ್ದಗಳು. ಅವುಗಳ ಒಳಗೆ ತಕ್ಕಡಿ ಇದೆ. ಸಂತೆಯಲ್ಲಿ ತಕ್ಕಡಿ ಸಮ ಬರದಿದ್ದರೆ ಹಗುರಾದ ಕಡೆಗೆ ಒಂದು ಸಣ್ಣ ಕಲ್ಲು ಕಟ್ಟುವುದನ್ನು ನೀವು ನೋಡಿರಬಹುದು. ಸಂಸಾರ ಸರಿದೂಗಿತು ಎಂದರೆ ಎಲ್ಲಿಯೋ ಒಂದು ಕಲ್ಲು ಕಟ್ಟಿದ್ದಾರೆ ಎಂದೇ ಅರ್ಥ. ನಮ್ಮ ಮನೆಯ ತಕ್ಕಡಿಗೆ ಕಟ್ಟಿದ್ದು ಅವ್ವನ ರಾತ್ರಿಯೂಟ. ಆರು ಮಂದಿಗೆ ನಾಲ್ಕು ರೊಟ್ಟಿ ಹೆಚ್ಚಿದ್ದಲ್ಲ, ಆರರಲ್ಲಿ ಒಬ್ಬಳು ಉಣ್ಣುತ್ತಿರಲಿಲ್ಲ. ನಾವು ಹೊಗಳಿದ್ದು ಏನನ್ನು? ಊರ ಹೆಣ್ಣುಮಕ್ಕಳಿಗೆ ಇದು ಗೊತ್ತಿರಲಿಲ್ಲ ಎನ್ನಲಾರೆ. ಅವರ ಮನೆಗಳಲ್ಲಿಯೂ ಅದೇ ತಕ್ಕಡಿ, ಅದೇ ಕಲ್ಲು. ಶಾಣ್ಯಾಕಿ ಎಂದು ಹೊಗಳಿದ ಮೇಲೆ, ನೀನು ಉಂಡಿಯೇನವ್ವಾ ಎಂದು ಕೇಳುವ ಕಾರಣವಿರುವುದಿಲ್ಲ. ಹೊಗಳಿಸಿಕೊಂಡವಳಿಗೂ ಇಲ್ಲ ಎಂದು ಹೇಳುವ ಬಾಯಿ ಇರುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನದೊಂದು ತಪ್ಪನ್ನು ಹೇಳದೆ ಹೋದರೆ ಬರೆದದ್ದಕ್ಕೆ ಅರ್ಥವಿಲ್ಲ. ನೌಕರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಬ್ಬ ಹುಡುಗಿಯ ವಹಿ ತಿದ್ದಲು ತೆಗೆದರೆ ಅಕ್ಷರವೇ ತಿಳಿಯುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಬರೆದ ಸಮಾಜದ ಉತ್ತರಗಳ ಮೇಲೆಯೇ ಪೆನ್ನಿನಿಂದ ಇಂಗ್ಲಿಷ್ ಬರೆದಿದ್ದಳು. ಎರಡು ಸಾಲಿನ ನಡುವೆ ಮತ್ತೊಂದು ಸಾಲು. ‘ಏನಿದು ಹೊಲಸು?’ ಎಂದು ವಹಿಯನ್ನು ಎಸೆದೆ. ಅದು ಬಾಗಿಲಿನ ಹೊರಗೆ ಹೋಗಿ ಬಿದ್ದಿತು. ಹುಡುಗಿ ಹೋಗಿ ಎತ್ತಿಕೊಂಡು, ಧೂಳು ಝಾಡಿಸಿ, ತನ್ನ ಜಾಗದಲ್ಲಿ ಕೂತಳು. ಅಳಲಿಲ್ಲ. ಒಂದು ವಹಿಯನ್ನು ಎರಡು ಮಾಡುವ ಉಪಾಯ ಅದು ಎಂದು ನನಗೆ ಹೊಳೆಯಲಿಲ್ಲ. ಅವ್ವನ ಹೊಟ್ಟೆಯಿಂದ ಉಳಿಸಿದ ರೊಟ್ಟಿ ತಿಂದು ಬಿ.ಎ., ಬಿ.ಎಡ್. ಆದ ನನಗೆ ಹೊಳೆಯಲಿಲ್ಲ! ಮುಂದಿನ ವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಅವರವ್ವನ ಜೊತೆ ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಾಳೆಂದು ಮಕ್ಕಳು ಹೇಳಿದರು. ಮನೆಯ ಗಳಿಕೆಯನ್ನು ಅವಳ ಶಾಲೆಯಿಂದ ಹೆಚ್ಚಿಸಿದ್ದರು. ನಾನು ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೆರೆ ಎಳೆದೆ. ವಹಿ ಎಸೆದದ್ದಕ್ಕೂ ಅವಳು ಬಿಟ್ಟದ್ದಕ್ಕೂ ಸಂಬಂಧವಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಪ್ಪ ತೀರಿಕೊಂಡ ದಿನ ಇನ್ನೊಂದು ಶಬ್ದ ಕೇಳಿದೆ. ಆಚೆಗೆ ಕರೆದೊಯ್ದು ಅವ್ವನ ಕೈಯ ಹಸಿರು ಬಳೆಗಳನ್ನು ತೆಗೆಸಿದರು. ಒಳಗಿನಿಂದ ಒಬ್ಬರು, ‘ಒಡದ್ರೇನು?’ ಎಂದು ಕೇಳಿದರು. ‘ಒಡದ್ವಿ’ ಎಂದು ಉತ್ತರ ಬಂದಿತು. ನಲವತ್ತು ವರ್ಷ ಅದೇ ಕೈಯ ಬಳೆ ಕಲ್ಲಿಗೆ ತಾಗಿ, ಕೊಡಕ್ಕೆ ತಾಗಿ ಚೂರಾದಾಗಲೆಲ್ಲ ಹೆಚ್ಚಿದವು ಎಂದೇ ಹೇಳಿದ್ದರು. ಅಂದು ಮಾತ್ರ ಆ ಮಾತನ್ನು ಯಾರೂ ಆಡಲಿಲ್ಲ. ಗಾಜು ಅದೇ, ಚೂರು ಅವೇ. ನಿಜವಾಗಿ ಒಂದು ಒಳ್ಳೆಯ ಮಾತು ಬೇಕಾಗಿದ್ದಾಗ ನಮ್ಮ ಶಾಸ್ತ್ರ ಅದನ್ನು ಕಸಿದುಕೊಂಡಿತಲ್ಲ ಎಂದು ಈಗ ಅನಿಸುತ್ತದೆ. ಅಂದು ನನಗೆ ಏನೂ ಅನಿಸಲಿಲ್ಲ, ಅಥವಾ ಅನಿಸಿದ್ದನ್ನು ಆಡಲಿಲ್ಲ. ಓದಿದ ಮಗಳು ಎಂದು ಎಲ್ಲರೂ ನನ್ನ ಕಡೆ ಒಮ್ಮೆ ನೋಡಿದ್ದರು. ನಾನು ನೆಲ ನೋಡಿದೆ.

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮೂರ ಕೆರೆ ಗೋಲಗುಮ್ಮಟದ ಮಹಮ್ಮದ್ ಆದಿಲ್‌ಶಾಹನ ಕಾಲದ್ದು. ಅವನು ಆಳಿದ್ದು 1627ರಿಂದ 1656ರವರೆಗೆ. ನಾನು ಸಣ್ಣವಳಿದ್ದಾಗ ಮಳೆಯಿಲ್ಲದ ವರ್ಷ ಕೆರೆಯ ನಡುವಿನ ತನಕ ನಡೆದು ಹೋಗುತ್ತಿದ್ದೆವು, ಕೆಸರು ಒಣಗಿ ಹಂಚಿನ ಹಾಗೆ ಬಿರಿದಿರುತ್ತಿತ್ತು. ಈಗ ಕೃಷ್ಣೆಯ ನೀರನ್ನು ಏತ ನೀರಾವರಿಯಿಂದ ಎತ್ತಿ ತಂದು ಕೆರೆ ತುಂಬಿಸುತ್ತಾರೆ. ಏರಿಯ ಮೇಲೆ ನಿಂತು ಅಷ್ಟು ನೀರು ನೋಡಿದರೆ ಕಣ್ಣು ತಂಪಾಗುತ್ತದೆ. ಮಳೆಯ ನೀರನ್ನು ಹೊಳೆಯ ನೀರಿನಿಂದ ಹೆಚ್ಚಿಸಿದ್ದಾರೆ ಎನ್ನಬಹುದು. ಆದರೆ ಈ ಶಬ್ದ ತಲೆಯಲ್ಲಿ ಹೊಕ್ಕ ಮೇಲೆ ನನ್ನ ಪಾಡು ಬೇಡ. ಆ ಹೊಳೆಯನ್ನು ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳು, ಹಳೆಯ ಬಾಗಲಕೋಟೆಯ ಓಣಿಗಳು ನೆನಪಾದವು. ಬಿ.ಎಡ್. ಕಾಲದ ನನ್ನ ಗೆಳತಿಯೊಬ್ಬಳ ತವರುಮನೆ ಅಲ್ಲಿತ್ತು. ಹಾಗೆಂದು ನಮ್ಮ ಕೆರೆಗೆ ನೀರು ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ, ಹೇಳಲಾರೆ. ನೀರಿಲ್ಲದ ಊರಿನಲ್ಲಿ ಬೆಳೆದವಳು ನಾನು. ಅವಳ ತವರುಮನೆಯನ್ನೂ ಲೆಕ್ಕದಲ್ಲಿ ಬರೆಯಬೇಕು ಎನ್ನುತ್ತೇನೆ, ಅಷ್ಟೇ.

ಶಾಲೆಯಲ್ಲಿ ಆ ಪಾಠವನ್ನು ಮರುದಿನ ಮತ್ತೆ ತೆಗೆದಿದ್ದೆ. ಬೋರ್ಡಿನ ಮೇಲೆ ಹಳೆಯ ರೀತಿಯ ವಾಕ್ಯ ಬರೆದು, ‘ವಿದ್’ ಕೆಳಗೆ ಗೆರೆ ಎಳೆದು, ಮುಂದೆ ಜಾಗ ಬಿಟ್ಟು, ನಿಮ್ಮ ನಿಮ್ಮ ಮನೆಯದು ಬರೆಯಿರಿ ಎಂದೆ. ಬಹಳ ಮಂದಿ ಹಾಲು ಮತ್ತು ನೀರು ಎಂದು ಬರೆದು ನಕ್ಕರು. ‘ಏಕೆ’ ಎಂದು ಓದಿದ ಹುಡುಗಿ ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು. ಹತ್ತಿರ ಹೋದೆ. ‘ಅಕ್ಕಾರ, ನಮ್ಮವ್ವ ಯಾವುದ್ರಿಂದ ಹೆಚ್ಚು ಮಾಡ್ತಾಳ ಅಂತ ಗೊತ್ತಿಲ್ರಿ. ಕೇಳಿಕೊಂಡು ಬಂದು ನಾಳೆ ಬರೀಲೇನ್ರಿ?’ ಎಂದಳು. ಬರಿ ಎಂದೆ.

ಊರಿನಲ್ಲಿ ಅವ್ವ ಈಗ ತಮ್ಮನ ಮನೆಯಲ್ಲಿದ್ದಾಳೆ, ಎಂಬತ್ತು ದಾಟಿದೆ. ಮನೆಯಲ್ಲಿ ಕೊರತೆಯೇನೂ ಇಲ್ಲ. ಆದರೂ ನನಗೆ ಬಡಿಸಲು ಸೊಸೆಯನ್ನು ಬಿಡಲಿಲ್ಲ, ತಾನೇ ಕೂತು ರೊಟ್ಟಿ, ಝುಣಕ, ಶೇಂಗಾಹಿಂಡಿ ಬಡಿಸಿದಳು. ಮೂರನೆಯ ರೊಟ್ಟಿ ಹಾಕಲು ಬಂದಾಗ ಕೈ ಅಡ್ಡ ಹಿಡಿದು, ‘ನಿನಗ ಅದಾವೇನು?’ ಎಂದೆ.

‘ಹೆಚ್ಚಾಗ್ಯಾವ, ಉಣ್ಣ ನೀನು’ ಎಂದಳು.

ಅದರ ಅರ್ಥ ಎರಡರಲ್ಲಿ ಯಾವುದು ಎಂದು ಅವಳ ಮುಖ ನೋಡಿ ತಿಳಿಯುವಂತಿರಲಿಲ್ಲ. ಎಂಜಲ ಕೈಯಲ್ಲಿಯೇ ಎದ್ದು ಹೋಗಿ, ಎಡಗೈಯಿಂದ ಬುಟ್ಟಿಯ ಮುಚ್ಚಳ ತೆಗೆದು ನೋಡಿದೆ. ಎರಡು ಇದ್ದವು.